ಮಂಗಳಮ್ಮನ ಗಾಡಿಯ ಹನ್ನೆರಡು ನಟ್ಟು

ಗಾಡಿ ಬಿಚ್ಚಬೇಕು ಎಂದು ಮಂಗಳಮ್ಮ ಹೇಳಿ ಕಳಿಸಿದಾಗ ನನ್ನ ಗ್ಯಾರೇಜಿನ ಗೋಡೆಯಲ್ಲಿ ನಟ್ಟು ಬಿಚ್ಚುವ ಮೂರು ಸಾಕೆಟ್ಟು ತೂಗುತ್ತಿದ್ದವು. ಒಂದು ನನ್ನದು, ಎರಡು ನನ್ನ ಕೆಲಸಗಾರರದು. ನಾಲ್ಕನೆಯ ಮೊಳೆ ಒಂದು ವರ್ಷದಿಂದ ಖಾಲಿ. ಅದು ದ್ಯಾವನ ಮೊಳೆ. ಅವನ ಸಾಕೆಟ್ಟನ್ನು ಕಮ್ಮಾರ ಕಾಳಾಚಾರಿ ಹಾಳುಬಾವಿಗೆ ಎಸೆದದ್ದು ನನ್ನ ಮಾತಿನ ಮೇಲೆ.

ನಮ್ಮೂರಿನಲ್ಲಿ ನಟ್ಟು ಬಿಗಿದು ಒಂದು ರಾತ್ರಿ ಕಳೆದರೆ ಅದು ಬಿಗಿದವರ ಅಳತೆಗೆ ಬರುತ್ತದೆ. ಆಮೇಲೆ ಬಿಚ್ಚಬೇಕೆಂದರೆ ಅವರ ಸಾಕೆಟ್ಟೇ ಬೇಕು. ಇದರಿಂದ ನಮಗೆ ದೊಡ್ಡ ತೊಂದರೆಯೇನೂ ಇಲ್ಲ. ವಯಸ್ಸಿಗೆ ಬಂದವರೆಲ್ಲ ಕಾಳಾಚಾರಿಯ ಕುಲುಮೆಗೆ ಹೋಗಿ, ಹಸಿ ಜೇಡಿಮಣ್ಣಿನ ಮುದ್ದೆಯನ್ನು ಮುಷ್ಟಿಯಲ್ಲಿ ಅದುಮಿ ಕೊಡುತ್ತಾರೆ. ಆಚಾರಿ ಮುದ್ದೆಯನ್ನು ತಿರುಗಿಸಿ ತಿರುಗಿಸಿ ನೋಡಿ ಅವರ ಸಾಕೆಟ್ ಮಾಡಿ ಕೊಡುತ್ತಾನೆ. ಗಂಡ ಪರ ಊರಿಗೆ ಹೋಗುವಾಗ ಸಾಕೆಟ್ಟನ್ನು ಜೇಬಿನಲ್ಲೇ ಇಟ್ಟುಕೊಂಡು ಹೋದರೆ ಹೆಂಡತಿ ಬೈದುಕೊಳ್ಳುತ್ತಾಳೆ. ಅವನು ಬರುವ ತನಕ ಫ್ಯಾನು ಇಳಿಸಿ ಒರೆಸಲಾಗುವುದಿಲ್ಲ. ಹೊರಗಿನ ಲಾರಿಗಳು ನಮ್ಮೂರಲ್ಲಿ ಚಕ್ರ ಬದಲಾಯಿಸಿಕೊಂಡರೆ ಕತ್ತಲಾಗುವ ಮೊದಲೇ ಊರು ಬಿಡುತ್ತವೆ. ಬಿಚ್ಚಿದ ನಟ್ಟು ಮತ್ತೆ ಯಾರ ಸಾಕೆಟ್ಟಿಗೂ ಬಗ್ಗುತ್ತದೆ, ಹೊಸ ನಟ್ಟೂ ಹಾಗೆಯೇ. ಬೇರೆ ವಸ್ತುಗಳಲ್ಲಿ ನಟ್ಟು ಹಟ ಮಾಡಿದರೆ ಪೈಪು ಪಾನ ಎನ್ನುವ ಸ್ಪ್ಯಾನರ್ ಹಾಕಿ ಮುರಿಯಬಹುದು. ಕಾರಿನ ಚಕ್ರದಲ್ಲಿ ಅದು ಆಗದು. ಅಲ್ಲಿ ನಟ್ಟು ಗುಳಿಯೊಳಗೆ ಕೂತಿರುತ್ತದೆ, ಸಾಕೆಟ್ ಬಿಟ್ಟರೆ ಏನೂ ಒಳಗೆ ಹೋಗುವುದಿಲ್ಲ.

ಮಂಗಳಮ್ಮನ ಗಂಡ ಪರ್ವತಯ್ಯ ಮಕ್ಕಳ ಬಟ್ಟೆ ಹೊಲಿದು ಸಂತೆಗಳಲ್ಲಿ ಮಾರುತ್ತಿದ್ದ. ಹೋದ ವರ್ಷ ಸಂತೆಗೆ ಹೋಗುವಾಗ ಕೆರೆ ಏರಿಯ ಇಳಿಜಾರಿನಲ್ಲಿ ಅವನ ಕಾರಿನ ಮುಂದಿನ ಎಡ ಚಕ್ರ ಕಳಚಿ ಹೋಯಿತು. ಗಾಡಿ ತೂಬಿನ ಕಲ್ಲಿಗೆ ಹೊಡೆಯಿತು. ಗಾಡಿಗೆ ಹೆಚ್ಚೇನೂ ಆಗಲಿಲ್ಲ, ಬಂಪರ್ ಒಳಗೆ ಹೋಗಿತ್ತು, ಅಷ್ಟೇ. ಪರ್ವತಯ್ಯನ ಎದೆಗೆ ಸ್ಟೇರಿಂಗ್ ಹೊಡೆದು ಅವನು ಅಲ್ಲೇ ಹೋದ. ಅದಕ್ಕೆ ಮೂರು ದಿನ ಮೊದಲು ನನ್ನ ಗ್ಯಾರೇಜಿನಲ್ಲಿ ಆ ಗಾಡಿಗೆ ನಾಲ್ಕೂ ಟೈರು ಹೊಸದು ಹಾಕಿದ್ದೆವು.

ಹೆಣ ಎತ್ತುವ ಮೊದಲೇ ಜನ ನನ್ನ ಬಾಗಿಲಿಗೆ ಬಂದು, ಬಿಗಿದ ಕೈ ಯಾರದು ಎಂದು ಕೇಳಿದರು. ದ್ಯಾವನದು ಎಂದೆ. ನಾನು ಸುಳ್ಳು ಹೇಳಲಿಲ್ಲ. ಆ ಕೆಲಸವನ್ನು ಅವನಿಗೇ ವಹಿಸಿದ್ದೆ, ಅವನು ಜಾಕಿ ಏರಿಸುವುದನ್ನು ನೋಡಿದ್ದೆ, ಒಂದು ಗಾಡಿಗೆ ಒಂದೇ ಕೈ ಎಂಬುದು ಗ್ಯಾರೇಜಿನ ನಿಯಮ. ದ್ಯಾವ ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವನು, ಹದಿನೇಳು ವರ್ಷ ನನ್ನ ಹತ್ತಿರ ಕೆಲಸ ಮಾಡಿದವನು. ಅವನು ಬಾಯಿ ತೆರೆದು, ತಾನು ಬಿಗಿದ ಹಾಗೆ ನೆನಪಿಲ್ಲ ಎಂದು ಏನೋ ಗೊಣಗಿದ. ಎಲ್ಲರ ಮುಂದೆ ಅವನ ಕೆನ್ನೆಗೆ ಹೊಡೆದೆ. ಆಮೇಲೆ ಅವನು ಮಾತಾಡಲಿಲ್ಲ.

ಗಾಡಿ ತೋರಿಸುತ್ತಿತ್ತಲ್ಲ ಎಂದು ನೀವು ಕೇಳಬಹುದು. ಉಳಿದ ಮೂರು ಚಕ್ರದಲ್ಲಿ ಹನ್ನೆರಡು ನಟ್ಟು ಇದ್ದವು, ಯಾರ ಸಾಕೆಟ್ ಕೂರುತ್ತದೆ ಎಂದು ಹಾಕಿ ನೋಡಿದ್ದರೆ ಮುಗಿಯುತ್ತಿತ್ತು. ಆದರೆ ಸತ್ತವನ ಗಾಡಿಯನ್ನು ವರ್ಷ ತುಂಬುವ ತನಕ ಮುಟ್ಟಬಾರದು. ವರ್ಷದ ಎಡೆ ಆದ ಮೇಲೆ ಚಕ್ರ ಬಿಚ್ಚಿ, ಬೇರೆ ಕೈಯಿಂದ ಬಿಗಿಸಬೇಕು. ಆಗ ಗಾಡಿ ಮನೆಯವರದಾಗುತ್ತದೆ. ಅಲ್ಲಿಯ ತನಕ ಅದು ಸತ್ತವನದು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಾಡಿಯನ್ನು ಎಳೆದು ತಂದು ಮಂಗಳಮ್ಮನ ಅಂಗಳದಲ್ಲಿ ಬಿಟ್ಟರು, ಚಕ್ರವಿಲ್ಲದ ಮೂಲೆಗೆ ಸೈಜುಗಲ್ಲು ಕೊಟ್ಟರು, ಮೇಲೆ ತಾಡಪಾಲು ಹೊದಿಸಿದರು. ಆ ಸಂಜೆಯೇ ದ್ಯಾವನ ಕೈ ಇಳಿಸಿದರು.

ಕೈ ಇಳಿಸಿದರೆ ಅವನು ಊರಿನಲ್ಲಿ ಏನನ್ನೂ ಬಿಗಿಯುವ ಹಾಗಿಲ್ಲ. ಗಾಡಿ ಮಾತ್ರವಲ್ಲ, ಮನೆಯ ನಲ್ಲಿಯನ್ನೂ ಬಿಗಿಯಬಾರದು. ದ್ಯಾವ ಕ್ವಾರಿಗೆ ಕಲ್ಲು ಹೊರಲು ಹೋದ. ಅವನ ಮನೆಯ ಬಾಗಿಲಿನ ಕೀಲು ಸಡಿಲವಾಗಿ ಬಾಗಿಲು ವಾಲಿತು, ಹೆಂಡತಿ ಚಿಕ್ಕತಾಯಿ ಅದನ್ನು ಸೆಣಬಿನ ಹಗ್ಗದಿಂದ ಕಟ್ಟಿದಳು. ಅವಳಿಗೆ ಸಾಕೆಟ್ ಇತ್ತು, ಅವಳೇ ಬಿಗಿಯಬಹುದಿತ್ತು. ಬಿಗಿಯಲಿಲ್ಲ. ಗಂಡನ ಕಣ್ಣೆದುರಿಗೆ ಪಾನ ಹಿಡಿಯುವುದಿಲ್ಲ ಅಂದಳಂತೆ. ಆ ದಾರಿಯಲ್ಲಿ ಹೋಗುವಾಗ ಹಗ್ಗ ನನ್ನ ಕಣ್ಣಿಗೆ ಬೀಳುತ್ತಿತ್ತು. ಆ ದಾರಿ ಬಿಟ್ಟು ಸುತ್ತಿಕೊಂಡು ಹೋಗುವುದನ್ನು ಕಲಿತೆ.

ಈಗ ಮಂಗಳಮ್ಮನಿಗೆ ಗಾಡಿ ಬೇಕಿತ್ತು. ಆ ವರ್ಷದಲ್ಲಿ ಅವಳು ತವರಿನಲ್ಲಿದ್ದು ಡ್ರೈವಿಂಗ್ ಕಲಿತಿದ್ದಳು. ಗಂಡ ಮಾಡುತ್ತಿದ್ದ ಸಂತೆಗಳನ್ನು ತಾನೇ ಮಾಡುವುದಾಗಿ ಹೇಳಿದಳು. ವರ್ಷದ ಎಡೆ ಮುಗಿದ ಮೂರನೆಯ ದಿನಕ್ಕೆ ಬಾ ಎಂದಳು. ದ್ಯಾವನ ಸಾಕೆಟ್ ಬಾವಿಯ ಕೆಸರಿನಲ್ಲಿತ್ತು. ಇನ್ನೊಂದು ಮಾಡಿಕೊಡು ಎಂದು ಕಾಳಾಚಾರಿಯ ಹತ್ತಿರ ಹೋದೆ. ಹಳೆಯ ಮಣ್ಣಿನ ಅಚ್ಚುಗಳನ್ನು ಇಟ್ಟುಕೊಳ್ಳುವುದಿಲ್ಲ, ಮನುಷ್ಯನನ್ನೇ ಕರೆದುಕೊಂಡು ಬಾ ಎಂದ. ಇಳಿಸಿದ ಕೈಗೆ ಮತ್ತೆ ಸಾಕೆಟ್ ಮಾಡಬಾರದಲ್ಲ ಎಂದೆ. ಬಿಚ್ಚುವುದಕ್ಕೆ ಮಾಡಬಹುದು, ಬಿಗಿಯುವುದಕ್ಕೆ ಮಾಡಬಾರದು ಎಂದ. ಅವನ ಮಾತು ಯಾವಾಗಲೂ ಹೀಗೆ, ಇಕ್ಕುಳದಿಂದ ಎತ್ತಿಟ್ಟ ಹಾಗೆ.

ದ್ಯಾವನ ಮನೆಗೆ ಹೋಗಿ ಕರೆಯುವುದು ನನಗೆ ಸುಲಭವಾಗಿರಲಿಲ್ಲ. ಬಾಗಿಲ ಹೊರಗೇ ನಿಂತು, ಮಂಗಳಮ್ಮನ ಗಾಡಿ ಬಿಚ್ಚಬೇಕು, ಕೈ ಕೊಡಬೇಕು ಎಂದೆ. ಚಿಕ್ಕತಾಯಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ಕೈ ಕಿತ್ಕೊಂಡೋದ ಯಜಮಾನ್ರು ಬಂದವ್ರೆ ನೋಡು. ಈಗ ಕೈ ಬೇಕಂತೆ.”

ದ್ಯಾವ ಹಿತ್ತಲಿನಿಂದ ಬಂದ. ಒಂದು ವರ್ಷದಲ್ಲಿ ಅವನ ಭುಜ ಅಗಲವಾಗಿತ್ತು, ಮುಖ ಸಣ್ಣದಾಗಿತ್ತು. ಅಂಗೈ ಒಡೆದು ಕಲ್ಲಿನ ಪುಡಿ ಗೆರೆಗಳಲ್ಲಿ ಕೂತಿತ್ತು. ಅವನು ನನ್ನ ಮುಖ ನೋಡಲಿಲ್ಲ, ಆದರೆ ಬರುವುದಿಲ್ಲ ಎಂದೂ ಅನ್ನಲಿಲ್ಲ. ಶರಟು ಹಾಕಿಕೊಂಡು ನನ್ನ ಹಿಂದೆ ನಡೆದ. ಚಿಕ್ಕತಾಯಿ ಮೊರವನ್ನು ಅಲ್ಲೇ ಬಿಟ್ಟು ಅವನ ಹಿಂದೆ ಬಂದಳು. ಕುಲುಮೆಯಲ್ಲಿ ಅವನು ಮಣ್ಣು ಅದುಮಿದ. ಸಾಕೆಟ್ ಆಗುವ ತನಕ ಮೂವರೂ ಹೊರಗೆ ಹುಣಸೆಮರದ ಕೆಳಗೆ ಕೂತೆವು.  ನನ್ನ ಬಾಯಿಗೆ ಒಂದೆರಡು ಸಲ ಏನೋ ಬಂತು. ಹೇಳಲಿಕ್ಕೆ ಹೊರಟರೆ ಬೈಗುಳವಾಗುತ್ತಿತ್ತು, ನನಗೆ ಬರುವುದೇ ಅದು. ಒಂದು ಹುಣಸೆ ಚಿಗುರು ಕಿತ್ತು ಬಾಯಿಗೆ ಹಾಕಿಕೊಂಡೆ.

ಸಾಕೆಟ್ ತಣ್ಣಗಾದ ಮೇಲೆ ಕಾಳಾಚಾರಿಯೂ ನಮ್ಮ ಜೊತೆ ಹೊರಟ. ನನ್ನ ಪೆಟ್ಟಿಗೆಯಲ್ಲಿ ಗೋಡೆಯ ಮೂರೂ ಸಾಕೆಟ್ ಇದ್ದವು. ಮಂಗಳಮ್ಮ ಅಂಗಳ ಗುಡಿಸಿ, ತಾಡಪಾಲು ಮಡಿಸಿ, ಗಾಡಿಗೆ ಕುಂಕುಮ ಇಟ್ಟಿದ್ದಳು. ಕಳಚಿದ ಚಕ್ರವನ್ನು ಒರೆಸಿ ಪಕ್ಕದಲ್ಲಿ ಒರಗಿಸಿದ್ದಳು, ಹೊಸ ನಟ್ಟುಗಳ ಪೊಟ್ಟಣ ಅದರ ಮೇಲಿತ್ತು. ದ್ಯಾವನನ್ನು ನೋಡಿ ಮುಖ ತಿರುಗಿಸಿದಳು. ನೀರು ಬೇಕೇ ಎಂದು ನನ್ನನ್ನೂ ಆಚಾರಿಯನ್ನೂ ಕೇಳಿದಳು, ಅವನನ್ನು ಕೇಳಲಿಲ್ಲ. ಅವನು ಗೇಟಿನ ಹತ್ತಿರವೇ ಕುಕ್ಕುರುಗಾಲಲ್ಲಿ ಕೂತ.

ಹಿಂದಿನ ಬಲ ಚಕ್ರದಿಂದ ಶುರು ಮಾಡಿದೆ. ನಟ್ಟಿನ ಮುಖಕ್ಕೆ ತುಕ್ಕು ಹಿಡಿದಿತ್ತು, ಬ್ರಷ್ ಹಾಕಿ ಉಜ್ಜಿದೆ. ದ್ಯಾವನ ಹೊಸ ಸಾಕೆಟ್ ಇಟ್ಟೆ. ಕೂರಲಿಲ್ಲ. ಸಾಕೆಟ್ ಸಣ್ಣದು, ನಟ್ಟು ದಪ್ಪ, ಬಾಯಿಗೇ ಬರಲಿಲ್ಲ. ಬೇರೆ ನಟ್ಟಿಗೆ ಇಟ್ಟೆ, ಬೇರೆ ಚಕ್ರಕ್ಕೆ ಹೋದೆ. ಹನ್ನೆರಡರಲ್ಲಿ ಒಂದಕ್ಕೂ ಕೂರಲಿಲ್ಲ.

ಆಚಾರಿ ತಪ್ಪು ಮಾಡಿದ್ದಾನೆ ಎಂದೆ. ಅವನು ಮಣ್ಣಿನ ಮುದ್ದೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಂದಿದ್ದ, ಬಿಚ್ಚಿ ನನ್ನ ಮುಂದೆ ಹಿಡಿದ. ಬೇಲಿಯ ಆಚೆ ಇಬ್ಬರು ಮೂವರು ನಿಂತಿದ್ದರು. ಅವರಲ್ಲೊಬ್ಬ, ವರ್ಷವೆಲ್ಲ ಕಲ್ಲು ಹೊತ್ತವನ ಕೈ ಅಳತೆ ಬದಲಾಗಿರಬೇಕು ಎಂದ. ಮಂಗಳಮ್ಮ ಹೌದೆನ್ನುವ ಹಾಗೆ ತಲೆ ಆಡಿಸಿದಳು. ನನಗೂ ಅದೇ ಸರಿ ಅನ್ನಿಸಿತು. ಅದೇ ಸರಿಯಾಗಿರಲಿ ಅನ್ನಿಸಿತು. ಕಾಳಾಚಾರಿ ಮಾತ್ರ, ಮೊದಲ ಸಲ ಮಣ್ಣು ಹಿಡಿದ ದಿನದಿಂದ ಸಾಯುವ ತನಕ ಕೈ ಒಂದೇ, ತನ್ನ ಅಪ್ಪನ ಕಾಲದಿಂದ ಒಂದೂ ಬದಲಾಗಿದ್ದನ್ನು ನೋಡಿಲ್ಲ ಎಂದ. ಮುದುಕನಿಗೆ ಕಣ್ಣು ಕಾಣುವುದಿಲ್ಲ, ಕೈ ನಡುಗುತ್ತದೆ, ಕುಲುಮೆ ಮುಚ್ಚಿ ಮನೆಯಲ್ಲಿ ಕೂರು ಎಂದು ಕೂಗಾಡಿದೆ. ಅವನು ನನ್ನ ಮಾತು ಮುಗಿಯುವ ತನಕ ಕಾದು, ಬೇರೆಯವರ ಸಾಕೆಟ್ ಹಾಕಿ ನೋಡು ಎಂದ.

ನನ್ನ ಇಬ್ಬರು ಕೆಲಸಗಾರರ ಸಾಕೆಟ್ ಹಾಕಿದೆ. ಒಂದು ದೊಡ್ಡದು, ನಟ್ಟಿನ ಮೇಲೆ ಗಲಗಲ ಆಡಿತು. ಇನ್ನೊಂದು ಮೂಲೆಗೆ ಸಿಕ್ಕಿಕೊಂಡಿತು, ಒಳಗೆ ಇಳಿಯಲಿಲ್ಲ. ಎದ್ದು ನಿಂತು ಕೈ ಒರೆಸಿಕೊಂಡೆ. ಗ್ಯಾಸ್ ಕಟ್ಟರ್ ತಂದು ಬೋಲ್ಟುಗಳನ್ನೇ ಸುಟ್ಟು ಕತ್ತರಿಸೋಣ ಎಂದೆ. ಮಂಗಳಮ್ಮ ಆಗಲಿ ಎನ್ನುವುದರಲ್ಲಿದ್ದಳು.

ಚಿಕ್ಕತಾಯಿ ಗೇಟಿನ ಹತ್ತಿರದಿಂದ ಹೇಳಿದಳು: “ಪೆಟ್ಟಿಗೇಲಿ ಇನ್ನೂ ಒಂದು ಐತಲ್ಲ ಯಜಮಾನ್ರೇ. ಅದೇನು ಪೂಜೆಗೆ ಮಡಗವ್ರಾ?”

ಬೇಲಿಯ ಆಚೆ ಯಾರೋ ನಕ್ಕರು. ನನಗೆ ಸಿಟ್ಟು ತಲೆಗೆ ಏರಿತು. ಆ ಹೊತ್ತಿನಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ, ಇದ್ದಿದ್ದರೆ ಕಟ್ಟರ್ ತರಲು ಹೋಗುತ್ತಿದ್ದೆ. ಅವಳ ಬಾಯಿ ಮುಚ್ಚಿಸಬೇಕಿತ್ತು, ಅಷ್ಟೇ. ನನ್ನ ಸಾಕೆಟ್ಟನ್ನು ಪೆಟ್ಟಿಗೆಯಿಂದ ಎತ್ತಿ ಅವಳ ಮುಖದ ಮುಂದೆ ಹಿಡಿದು ತೋರಿಸಿ, ಬಗ್ಗಿ, ಮೊದಲ ನಟ್ಟಿಗೆ ಅಪ್ಪಳಿಸಿದೆ.

ಅದು ಕೂತಿತು. ಸದ್ದಿಲ್ಲದೆ ಕೂತಿತು, ಪಾತ್ರೆಗೆ ಅದರದೇ ಮುಚ್ಚಳ ಕೂತ ಹಾಗೆ.

 ಪಾನ ಸಿಕ್ಕಿಸಿ ತಿರುಗಿಸಿದೆ. ನಟ್ಟು ಬಿಗಿಯಾಗಿದ್ದರೆ ಮೊದಲು ಒಂದು ಕಿರುಗುಟ್ಟುವ ಸದ್ದು ಬರುತ್ತದೆ, ಭುಜಕ್ಕೆ ಒಂದು ಜಗ್ಗು ಸಿಗುತ್ತದೆ. ಇದರಲ್ಲಿ ಎರಡೂ ಇರಲಿಲ್ಲ. ಪಾನವನ್ನು ತೆಗೆದಿಟ್ಟು ಸಾಕೆಟ್ಟನ್ನು ಎರಡು ಬೆರಳಲ್ಲಿ ತಿರುಗಿಸಿದೆ. ಬಂತು. ಹನ್ನೆರಡೂ ಹಾಗೇ ಬಂದವು. ಮೂರು ಚಕ್ರಗಳು ಒಂದು ವರ್ಷ ಬೆರಳಿನ ಬಿಗಿಯಲ್ಲಿ ನಿಂತಿದ್ದವು.

ಟೈರು ಹಾಕಿದ ದಿನ ಆಗ ನೆನಪಾಯಿತು. ದ್ಯಾವ ಗ್ರೀಸ್ ಡಬ್ಬದ ಮುಚ್ಚಳ ಹಾಕದೆ ಬಿಟ್ಟಿದ್ದ, ಡಬ್ಬಕ್ಕೆ ಮಣ್ಣು ಬಿದ್ದಿತ್ತು. ನಾನು ಅವನ ಕೈಯಿಂದ ಪಾನ ಕಿತ್ತುಕೊಂಡು, ಹೋಗಿ ಮೇಲಿನ ಗ್ರೀಸ್ ಬಳಿದು ತೆಗೆ ಎಂದು ಅಟ್ಟಿದೆ. ನಾನೇ ನಾಲ್ಕೂ ಚಕ್ರ ಕೂರಿಸಿ, ನಟ್ಟುಗಳನ್ನು ನನ್ನ ಸಾಕೆಟ್ಟಿನಿಂದ ಕೈಯಲ್ಲೇ ತಿರುವಿ, ಜಾಕಿ ಇಳಿಸಿದೆ. ಜಾಕಿ ಇಳಿಸಿದ ಮೇಲೆ ಕೊನೆಯ ಬಿಗಿ ಹಾಕಬೇಕು. ಅಷ್ಟರಲ್ಲಿ ಇನ್ನೂ ನಾಲ್ಕು ಮಾತು ಬೈಯುವುದು ಬಾಕಿ ಇದೆ ಅನ್ನಿಸಿ ಅವನ ಹಿಂದೆ ಹೋದೆ. ಬೈದು ಬರುವಾಗ ಪರ್ವತಯ್ಯ ಗಾಡಿಯಲ್ಲಿ ಕೂತು ಸ್ಟಾರ್ಟ್ ಮಾಡಿದ್ದ. ಹೋಗು ಎಂದು ಕೈ ಬೀಸಿದೆ. ಇಷ್ಟೆಲ್ಲ ಒಂದು ಡಬ್ಬ ಗ್ರೀಸಿಗೆ.

ಮಂಗಳಮ್ಮ ಬಂದು ಬಗ್ಗಿದಳು. ನಟ್ಟುಗಳನ್ನು ಒಂದೊಂದಾಗಿ ಹೆಕ್ಕಿ ಸೆರಗಿನಲ್ಲಿ ಹಾಕಿಕೊಂಡಳು. ಆಮೇಲೆ ಒಳಗೆ ಹೋಗಿ ಒಂದು ಚೊಂಬು ನೀರು ತಂದು ದ್ಯಾವನ ಮುಂದೆ ಇಟ್ಟಳು.

ದ್ಯಾವ ನೀರು ಮುಟ್ಟಲಿಲ್ಲ. ಎದ್ದು ಬಂದು ನನ್ನ ಪಕ್ಕ ಕೂತ. ನನ್ನ ಸಾಕೆಟ್ಟನ್ನು ಎತ್ತಿಕೊಂಡು ಖಾಲಿ ಬೋಲ್ಟಿಗೆ ಹಿಡಿದು ನೋಡಿದ, ತೆಗೆದ, ಮತ್ತೆ ಹಿಡಿದ. ಅವನಿಗೆ ಸಂತೋಷವಾಗಬಹುದು, ನನ್ನನ್ನು ಒದೆಯಬಹುದು ಎಂದುಕೊಂಡಿದ್ದೆ. ಒದೆದಿದ್ದರೆ ಒದೆಸಿಕೊಳ್ಳುತ್ತಿದ್ದೆ.

“ಇಲ್ಲ ಕಣಣ್ಣ,” ಎಂದ. “ಏನೋ ಎಡವಟ್ಟಾಗೈತೆ. ನಾನೇ ಬಿಟ್ಟಿದ್ದು. ಮೂರನೇ ನಟ್ಟಿಗೆ ಬರೋ ಹೊತ್ಗೆ ನೀನು ಕರ್ದೆ, ನಾನು ಪಾನ ನೆಲಕ್ಕೆ ಹಾಕಿ ಎದ್ದೆ. ಕಣ್ಣಿಗೆ ಕಟ್ಟಿದಂಗೈತೆ.”

ನೀನು ಬಿಗಿಯಲೇ ಇಲ್ಲ, ಪಾನವನ್ನು ನಾನು ಕಿತ್ತುಕೊಂಡೆ ಎಂದು ಹೇಳಿದೆ. ಅವನು ಇಲ್ಲವೆಂದು ತಲೆ ಆಡಿಸಿದ. ಪಾನ ನೆಲಕ್ಕೆ ಬಿದ್ದ ಸದ್ದು ಕೂಡ ನೆನಪಿದೆ ಎಂದ. ಯಾವ ಚಕ್ರ, ಯಾವ ನಟ್ಟು, ಆಗ ರೇಡಿಯೋದಲ್ಲಿ ಏನು ಬರುತ್ತಿತ್ತು, ಎಲ್ಲ ಹೇಳಿದ. ಚಿಕ್ಕತಾಯಿ ಗೇಟು ಹಿಡಿದು ನಿಂತಿದ್ದವಳು ಅಲ್ಲೇ ಕೂತು ಹೇಳತೊಡಗಿದಳು. ಮೊದಲ ತಿಂಗಳೆಲ್ಲ ತಾನು ಮಾಡಿಲ್ಲ ಎನ್ನುತ್ತಿದ್ದನಂತೆ. ಎರಡನೆಯ ತಿಂಗಳು ಇರಬಹುದೇನೋ ಎಂದನಂತೆ. ಆಮೇಲೆ ಊಟಕ್ಕೆ ಕೂತಲ್ಲಿ, ಕಲ್ಲು ಹೊರುವಲ್ಲಿ, ಆ ದಿನವನ್ನು ಮತ್ತೆ ಮತ್ತೆ ತೆಗೆದು ನೋಡುತ್ತ, ಇಲ್ಲದ ಜಾಗದಲ್ಲಿ ತನ್ನ ಕೈಯನ್ನು ಇಟ್ಟುಕೊಂಡು ಬಿಟ್ಟಿದ್ದ. ಇದನ್ನೆಲ್ಲ ಅವಳು ಬೇರೆ ಯಾರಿಗೋ ಹೇಳುವ ಹಾಗೆ ಮಂಗಳಮ್ಮನಿಗೆ ಹೇಳಿದಳು.

ಕಾಳಾಚಾರಿ ನನ್ನ ಮುಂದೆ ಕೈ ಚಾಚಿದ. ನನ್ನ ಸಾಕೆಟ್ಟನ್ನು ದ್ಯಾವನ ಕೈಯಿಂದ ತೆಗೆದು ಕೊಟ್ಟೆ. ಅವನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ, ಬಾವಿ ಅವನ ಮನೆಯ ದಾರಿಯಲ್ಲೇ ಇದೆ. ಕೈ ಇಳಿಸುವಾಗ ಹೇಳಬೇಕಾದ ಮಾತನ್ನು ಹೇಳಿದ. ಎರಡು ಸಾಲಿನ ಮಾತು, ಹೋದ ವರ್ಷ ಅವನ ಹಿಂದೆ ನಿಂತು ನಾನೂ ಅದನ್ನು ಜೋರಾಗಿ ಹೇಳಿದ್ದೆ. ಆಮೇಲೆ ದ್ಯಾವನ ಹೊಸ ಸಾಕೆಟ್ಟನ್ನು ದ್ಯಾವನ ಕೈಗೆ ಕೊಟ್ಟು, ಕೈ ಏರಿದೆ, ಬಿಗಿ ಎಂದ. ಮಂಗಳಮ್ಮ ಸೆರಗಿನ ನಟ್ಟುಗಳನ್ನು ಅವನ ಮುಂದೆ ಸುರಿದಳು.

“ಬಿಗಿಯಣ್ಣ,” ಎಂದಳು. “ನಾನು ನಿಂಗೆ ಮಾಡಿದ್ದನ್ನ ಮನಸ್ನಾಗೆ ಇಟ್ಕೋಬ್ಯಾಡ. ನಾಳೆ ಸಂತೆಗೆ ಹೊರಡ್ಬೇಕು ನಾನು.”

ದ್ಯಾವ ನಾಲ್ಕು ಚಕ್ರ ಹಾಕಿದ. ಅವನ ಕೆಲಸದ ಕ್ರಮ ನನಗೆ ಗೊತ್ತು, ನಾನೇ ಕಲಿಸಿದ್ದು. ಎದುರು ಬದುರಾಗಿ ಬಿಗಿಯಬೇಕು, ಮೊದಲು ಕೈಬಿಗಿ, ಜಾಕಿ ಇಳಿಸಿ ಕೊನೆಯ ಬಿಗಿ. ಒಂದನ್ನೂ ತಪ್ಪಿಸಲಿಲ್ಲ. ಮಂಗಳಮ್ಮ ಒಳಗೆ ಕೂತು ಬಾಗಿಲು ಹಾಕಿಕೊಂಡು ಕೀ ತಿರುಗಿಸಿದಳು. ವರ್ಷದಿಂದ ನಿಂತಿದ್ದ ಇಂಜಿನ್ ಹತ್ತಲಿಲ್ಲ. ಬೇಲಿಯ ಆಚೆಯವರು ಬಂದು ತಳ್ಳಿದರು. ಕೆಮ್ಮಿ ಕೆಮ್ಮಿ ಹತ್ತಿತು, ಗಾಡಿ ಗೇಟಿನ ತನಕ ಉರುಳಿತು. ಆಗ ದ್ಯಾವ ಓಡಿ ಹೋಗಿ ಬಾನೆಟ್ಟಿನ ಮೇಲೆ ಕೈ ಬಡಿದು ನಿಲ್ಲಿಸಿದ.

ಮುಂದಿನ ಎಡ ಚಕ್ರದ ಮುಂದೆ ಕೂತು ಬಿಗಿ ನೋಡಿದ. ಬಿಗಿಯಾಗಿತ್ತು. ಸುತ್ತ ಹೋಗಿ ಎಲ್ಲ ನೋಡಿದ. ಎದ್ದು ಎರಡು ಹೆಜ್ಜೆ ಹೋದ, ತಿರುಗಿ ಬಂದ. ಒಂದು ನಟ್ಟನ್ನು ಪೂರ್ತಿ ಸಡಿಲ ಮಾಡಿ ಮತ್ತೆ ಬಿಗಿದ. ಆಮೇಲೆ ಅದರ ಎದುರಿನದು. ಮಂಗಳಮ್ಮ ಇಂಜಿನ್ ನಿಲ್ಲಿಸಿ ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತ ಕೂತಳು. ಅವನು ಮೂರನೆಯ ಸುತ್ತಿಗೆ ಹೊರಟಾಗ ಪಾನದ ಮೇಲೆ ನಿಂತು ತುಳಿಯುತ್ತಿದ್ದ. ಬೋಲ್ಟಿನ ಥ್ರೆಡ್ಡೇ ಕೊಯ್ದು ಹೋಗುವ ಬಿಗಿ ಅದು, ಸದ್ದಿನಲ್ಲೇ ಗೊತ್ತಾಗುತ್ತಿತ್ತು. ನಾನು ಹೋಗಿ ಅವನ ತೋಳು ಹಿಡಿದೆ. ಪಾನ ಕಿತ್ತುಕೊಳ್ಳಬಹುದಿತ್ತು, ಆದರೆ ಇನ್ನು ನಾನು ಅದನ್ನು ಹಿಡಿಯುವ ಹಾಗಿರಲಿಲ್ಲ.

“ಬಿಗಿಯಾಗೈತೆ ದ್ಯಾವ. ಸಾಕು, ಬಿಡು,” ಎಂದೆ.

ಅವನು ಆ ದಿನ ಮೊದಲ ಸಲ ನನ್ನ ಮುಖ ನೋಡಿದ.

“ಅದನ್ನ ನೀನು ಹೇಳಬ್ಯಾಡ ಅಣ್ಣ,” ಎಂದ.

ತೋಳು ಬಿಟ್ಟೆ. ಅವನು ಪಾನ ಎತ್ತಿಕೊಂಡು ಹಿಂದಿನ ಚಕ್ರಕ್ಕೆ ಹೋದ. ಚಿಕ್ಕತಾಯಿ ಎದ್ದು ಹೋಗಿ ಅವನ ಪಕ್ಕ ಕೂತು, ಅವನು ಮುಟ್ಟಿದ ಒಂದೊಂದು ನಟ್ಟಿನ ಮೇಲೂ ತನ್ನ ಬೆರಳಿಟ್ಟು, ಆಯ್ತು, ಇದೂ ಆಯ್ತು ಎಂದು ಮೆಲ್ಲಗೆ ಎಣಿಸತೊಡಗಿದಳು. ಹದಿನಾರು ಮುಗಿದ ಮೇಲೆ ಅವನು ಮತ್ತೆ ಒಂದರಿಂದ ಶುರು ಮಾಡಿದ.